ಯಲಬುರ್ಗಾ ಬಸ್ಸಿಗೆ ಕೊಟ್ಟ ರೊಟ್ಟಿ ಡಬ್ಬಿ

ಅವ್ವ ದಿನಾ ಸಂಜೆ ಏಳರ ಸುಮಾರಿಗೆ ಫೋನ್ ಮಾಡುತ್ತಾಳೆ. ಆರಾಮ ಇದ್ದೀಯಾ ಎಂದು ಕೇಳುವ ರೂಢಿ ಅವಳಿಗಿಲ್ಲ. "ಏನ್ ಅಡಿಗಿ ಮಾಡಿದಿ?" ಎಂದೇ ಶುರು. ನಾನು ಹೇಳುವ ಉತ್ತರದಲ್ಲೇ ನನಗೆ ನೆಗಡಿಯೋ, ಶಾಲೆಯಲ್ಲಿ ಯಾರೊಂದಿಗಾದರೂ ಜಗಳವೋ, ಅಡುಗೆ ಮಾಡದೆ ಬಿಸ್ಕೀಟು ತಿಂದು ಕೂತಿದ್ದೇನೋ, ಎಲ್ಲ ಅವಳಿಗೆ ತಿಳಿದುಬಿಡುತ್ತದೆ. ಅದಕ್ಕೇ ಆ ಶ್ರಾವಣದಲ್ಲಿ ಏಳು ಹೊಡೆಯಿತೆಂದರೆ ನನಗೆ ಭಯವಾಗುತ್ತಿತ್ತು.

ನಮ್ಮೂರು ನವಲಿ ಕಡೆ. ಕಾಲುವೆ ನೀರು, ಭತ್ತದ ಗದ್ದೆ, ಮೂರು ಹೊತ್ತೂ ಅನ್ನ. ಕೆಲಸ ಸಿಕ್ಕಿದ್ದು ಕುಷ್ಟಗಿಯ ಒಂದು ಸರ್ಕಾರಿ ಶಾಲೆಯಲ್ಲಿ. ಎರಡೂ ಊರುಗಳ ನಡುವೆ ಬಸ್ಸಿನಲ್ಲಿ ಅರ್ಧ ದಿನದ ದಾರಿಯೂ ಅಲ್ಲ, ಆದರೆ ಊಟದ ವಿಷಯದಲ್ಲಿ ಬೇರೆಯೇ ಸೀಮೆ. ಇಲ್ಲಿಯವರಿಗೆ ಜೋಳದ ರೊಟ್ಟಿ ಉಂಡರೆ ಮಾತ್ರ ಊಟ. ಅನ್ನವೆಂದರೆ ಕೊನೆಯಲ್ಲಿ ಮಜ್ಜಿಗೆ ಕಲಸಿಕೊಳ್ಳಲು ಬೇಕಾದ ಒಂದು ತುತ್ತು. ನಾನು ಬಂದ ಹೊಸದರಲ್ಲಿ ಟಿಫಿನ್ ಡಬ್ಬಿಯಲ್ಲಿ ದಿನಾ ಚಿತ್ರಾನ್ನ ನೋಡಿ ಜೊತೆಯ ಟೀಚರುಗಳು ನನ್ನನ್ನು "ನೀರಾವರಿ" ಎಂದೇ ಕರೆಯತೊಡಗಿದ್ದರು.

ನಾನು ಮೆಚ್ಚಿದ ಹುಡುಗ ಯಲಬುರ್ಗಾದವನು. ಕೃಷಿ ಇಲಾಖೆಯಲ್ಲಿ ಕೆಲಸ. ಚುನಾವಣೆ ಡ್ಯೂಟಿಯಲ್ಲಿ ಇಬ್ಬರೂ ಒಂದೇ ಮತಗಟ್ಟೆಗೆ ಬಿದ್ದಿದ್ದೆವು. ಮತಯಂತ್ರ ಒಪ್ಪಿಸುವ ಸಾಲಿನಲ್ಲಿ ಮೂರು ತಾಸು ನಿಂತಾಗ ಶುರುವಾದ ಮಾತು ಎರಡು ವರ್ಷ ನಡೆಯಿತು. ಎರಡೂ ಮನೆಗಳಿಗೆ ಗೊತ್ತಾಯಿತು, ಹಿರಿಯರು ಒಂದು ಸಲ ಬಂದು ಹೋದರು, ದಸರೆ ಕಳೆಯಲಿ ನಿಶ್ಚಯ ಮಾಡೋಣ ಎಂದರು. ಆ ಸಲವೇ ಅವನ ತಾಯಿ ಚಹಾ ಕುಡಿಯುತ್ತ, ನಗುನಗುತ್ತಲೇ, "ನೀರಾವರಿ ಮಂದಿಗೆ ರೊಟ್ಟಿ ಬಡಿಯಾಕ ಎಲ್ಲಿಂದ ಬರಬೇಕು ಬಿಡ್ರಿ" ಎಂದಿದ್ದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮರುದಿನವೇ ಐದು ಕಿಲೋ ಜೋಳ ಬೀಸಿಸಿಕೊಂಡು ಬಂದೆ.

ರೊಟ್ಟಿ ಕಲಿಸಿದವರು ನನ್ನ ಮನೆ ಮಾಲಕಿ. ಪಕ್ಕದ ಗೋಡೆಗೇ ಅವರ ಅಡುಗೆಮನೆ. ಕುದಿಯುವ ನೀರು ಹಾಕಿ ಹಿಟ್ಟು ನಾದುವುದು, ಅಂಗೈ ತಿರುಗಿಸುತ್ತ ಬಡಿಯುವುದು, ಹಂಚಿನ ಮೇಲೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ನೀರು ಸವರುವುದು. ಮೊದಲ ತಿಂಗಳು ನನ್ನ ರೊಟ್ಟಿ ಹಂಚಿಗೆ ಮುಟ್ಟುವ ಮೊದಲೇ ಹರಿದು ಮೂರು ಪಾಲಾಗುತ್ತಿತ್ತು. ಆಮೇಲೆ ಬಂತು. ಅವನು ಕುಷ್ಟಗಿಗೆ ಬಂದಾಗಲೆಲ್ಲ ಮಾಡಿ ಹಾಕುತ್ತಿದ್ದೆ. "ಛಲೋ ಆಗ್ಯಾವ" ಎನ್ನುತ್ತಿದ್ದ. ಆ ಒಂದು ಮಾತಿಗೆ ನಾನು ಅನ್ನ ಮಾಡುವುದನ್ನೇ ಬಿಟ್ಟೆ. ಒಬ್ಬಳೇ ಇದ್ದಾಗಲೂ ರೊಟ್ಟಿಯೇ. ಅವ್ವ ಕೇಳಿದರೆ ರೊಟ್ಟಿ ಎಂದು ಹೇಳುವುದರಲ್ಲಿ ನನಗೊಂದು ಜಂಬ ಇತ್ತು.

ಆಷಾಢ ಹುಣ್ಣಿಮೆಯ ಹೊತ್ತಿಗೆ ಅವನಿಂದ ಒಂದು ಮೆಸೇಜು ಬಂತು. "ಸ್ವಲ್ಪ ದಿನ ಮಾತಾಡೋದು ಬ್ಯಾಡ. ನಂಗ ಟೈಮ್ ಬೇಕು." ಅಷ್ಟೇ. ಜಗಳವಾಗಿರಲಿಲ್ಲ. ಹಿಂದಿನ ಭಾನುವಾರವಷ್ಟೇ ಬಂದು ಉಂಡು ಹೋಗಿದ್ದ. ಏನಾಯಿತೆಂದು ಕೇಳಿದೆ, ಉತ್ತರವಿಲ್ಲ. ನಾನೇನಾದರೂ ಅಂದೆನಾ ಎಂದು ಕೇಳಿದೆ, ಉತ್ತರವಿಲ್ಲ. ಕೆಲವೊಮ್ಮೆ ಅವನು ಏನೋ ಬರೆಯುತ್ತಿದ್ದಾನೆಂದು ಫೋನು ತೋರಿಸುತ್ತಿತ್ತು. ನಾನು ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟು, ನಾಲ್ಕನೇ ತರಗತಿಯ ಮಕ್ಕಳಿಗೆ ಮಗ್ಗಿ ಬರೆಯಲು ಹೇಳಿ, ಆ ಪರದೆಯನ್ನೇ ನೋಡುತ್ತ ನಿಲ್ಲುತ್ತಿದ್ದೆ. ಬರೆಯುವುದು ನಿಲ್ಲುತ್ತಿತ್ತು. ಏನೂ ಬರುತ್ತಿರಲಿಲ್ಲ.

ಶಾಲೆಯಿಂದ ಬಂದವಳು ಕೂಡಲೇ ಒಲೆ ಹಚ್ಚುತ್ತಿದ್ದೆ. ಕೈಗೆ ಹಿಟ್ಟು ಹತ್ತಿದರೆ ಫೋನು ಮುಟ್ಟಲು ಬರುವುದಿಲ್ಲ, ಅದೊಂದು ಅನುಕೂಲ. ಬಡಿಯುವಾಗ ಬರುವ ಪಟ್ ಪಟ್ ಸದ್ದಿನಲ್ಲಿ ಎದೆಯ ಡವಡವ ಸ್ವಲ್ಪ ಅಡಗುತ್ತಿತ್ತು. ಒಂದಾದ ಮೇಲೆ ಒಂದು, ಹಿಟ್ಟು ಮುಗಿಯುವವರೆಗೆ ಬಡಿಯುತ್ತಿದ್ದೆ. ತಿನ್ನಲು ಕೂತರೆ ಅರ್ಧವೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಉಳಿದವನ್ನು ಬಟ್ಟೆಯ ಮೇಲೆ ಹರಡಿ ಒಣಗಿಸುತ್ತಿದ್ದೆ. ಹದಿನೈದು ದಿನಕ್ಕೆ ಮೂಲೆಯ ಬುಟ್ಟಿ ತುಂಬಿ ಕಟಕ ರೊಟ್ಟಿಯ ರಾಶಿ ಕಿಟಕಿಯವರೆಗೆ ಬಂತು.

"ಯಾರರ ಬರೋರು ಅದಾರೇನ ಟೀಚರ್?" ಮಾಲಕಿ ಬಾಗಿಲಲ್ಲಿ ನಿಂತು ಕೇಳಿದರು. "ದಿನಾ ಇಷ್ಟಿಷ್ಟು ಬಡಿತೀರಿ, ಗ್ವಾಡಿ ಅದರತೈತಿ."

"ಪಂಚಮಿ ಬಂತಲ್ಲರಿ," ಎಂದೆ.

ಅದು ಸುಳ್ಳೇನಲ್ಲ. ನಾಗರ ಪಂಚಮಿಯ ದಿನ ನಮ್ಮ ಕಡೆ ಒಲೆಯ ಮೇಲೆ ಹಂಚು ಇಡುವುದಿಲ್ಲ. ಅದಕ್ಕಾಗಿ ಮೊದಲೇ ರೊಟ್ಟಿ ಬಡಿದಿಡುವ ದಿನವೇ ರೊಟ್ಟಿ ಹಬ್ಬ. ಅವತ್ತು ಮನೆಯಲ್ಲಿ ಮಾಡಿದ್ದನ್ನು ಮನೆಯವರಷ್ಟೇ ಉಣ್ಣುವಂತಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿಯ ಎಣಗಾಯಿ, ಮಡಕಿಕಾಳಿನ ಪಲ್ಯ, ಬಗೆಬಗೆಯ ಚಟ್ನಿ ಎಲ್ಲವನ್ನೂ ಓಣಿಯ ಮನೆಮನೆಗೆ ಹಂಚಬೇಕು. ಹಂಚಿದ ಪಾತ್ರೆ ಖಾಲಿ ಬರುವುದಿಲ್ಲ, ಅವರ ಮನೆಯದು ಏನಾದರೂ ತುಂಬಿಕೊಂಡೇ ಬರುತ್ತದೆ. ಇನ್ನೊಂದು ಪದ್ಧತಿಯೂ ಉಂಟು. ಮಾತು ಮುಗಿದ ಹುಡುಗಿಗೆ ಪಂಚಮಿಗೆ ಗಂಡಿನ ಮನೆಯಿಂದ ಉಂಡಿ ಬರುತ್ತವೆ. ಶೇಂಗಾದ್ದು, ಎಳ್ಳಿನದ್ದು, ರವೆಯದ್ದು. ಉಂಡಿ ಬಂದವೆಂದರೆ ಆ ಹುಡುಗಿ ತಮ್ಮವಳೆಂದು ಆ ಮನೆಯವರು ಒಪ್ಪಿದಂತೆ.

ಅವ್ವ ಪಂಚಮಿಗೆ ಬಾ ಎಂದಳು. ಶಾಲೆಯಲ್ಲಿ ಧ್ವಜಾರೋಹಣದ ತಯಾರಿ ಇದೆ, ಮಕ್ಕಳಿಗೆ ಕವಾಯತು ಕಲಿಸಬೇಕು ಎಂದು ನೆಪ ಹೇಳಿದೆ. ನಿಜ ಏನೆಂದರೆ, ಉಂಡಿ ಬಂದರೆ ನಾನು ಕುಷ್ಟಗಿಯಲ್ಲಿ ಇಲ್ಲದೆ ಹೋಗಬಾರದು. ಬರದಿದ್ದರೆ ಅವ್ವನ ಎದುರಿಗೆ ಇರಬಾರದು.

ರೊಟ್ಟಿ ಹಬ್ಬದ ದಿನ ಬೆಳಿಗ್ಗೆ ಐದಕ್ಕೇ ಎದ್ದೆ. ಹತ್ತು ಸಜ್ಜೆ ರೊಟ್ಟಿ, ಹತ್ತು ಜೋಳದ ರೊಟ್ಟಿ, ಎಣಗಾಯಿ, ಗುರೆಳ್ಳು ಚಟ್ನಿ. ಅವ್ವ ಕೊಟ್ಟಿದ್ದ ದೊಡ್ಡ ಸ್ಟೀಲಿನ ಡಬ್ಬಿ, ಮುಚ್ಚಳದ ಮೇಲೆ ಅವಳ ಹೆಸರು ಕೊರೆಸಿದ್ದು, ಅದರಲ್ಲಿ ತುಂಬಿ ವಸ್ತ್ರದಿಂದ ಗಂಟು ಕಟ್ಟಿ ಬಸ್‌ಸ್ಟ್ಯಾಂಡಿಗೆ ಹೋದೆ. ಕೆಂಪು ಬಸ್ಸಿಗೆ ಬುತ್ತಿ ಕೊಟ್ಟು ಕಳಿಸುವುದು ಈ ಕಡೆ ಹೊಸತಲ್ಲ. ಊರಿನ ಎಷ್ಟೋ ಮಂದಿ ಪೇಟೆಯಲ್ಲಿ ಓದಿದ್ದು ಹಾಗೆಯೇ. ಕಂಡಕ್ಟರಿಗೆ ಡಬ್ಬಿ ಕೊಟ್ಟು ಅವನ ನಂಬರು ಬರೆದ ಚೀಟಿ ಕೊಟ್ಟೆ. "ಯಲಬುರ್ಗಾ ಸ್ಟ್ಯಾಂಡಿಗೆ ಬಂದು ತಗೋತಾರ ಅಣ್ಣಾ." ಅವನಿಗೆ ಮೆಸೇಜು ಹಾಕಿದೆ: "ಬುತ್ತಿ ಕಳಿಸೀನಿ. ಎಂಟರ ಬಸ್ಸು." ನೋಡಿದ್ದಾನೆಂದು ನೀಲಿ ಗೆರೆ ಬಂತು. ಉತ್ತರ ಬರಲಿಲ್ಲ.

ಆ ಎರಡು ದಿನ ನಾನು ಹೇಗಿದ್ದೆನೋ ದೇವರಿಗೇ ಗೊತ್ತು. ರೊಟ್ಟಿ ಬಿಸಿ ಇದ್ದಾಗಲೇ ಮುಚ್ಚಿದ್ದರಿಂದ ಬೆವತು ಮೆತ್ತಗಾಗಿರಬಹುದೇ, ಎಣಗಾಯಿಗೆ ಉಪ್ಪು ಹೆಚ್ಚಾಯಿತೇ, ಅವನ ತಾಯಿ ನೋಡಿ ಏನೆಂದರು. ಇಂಥ ಚಿಂತೆಗಳನ್ನೇ ಜಗಿದೆ. ಅವನು ಬಾರದೆಯೇ ಹೋಗಬಹುದು ಎಂಬ ವಿಚಾರ ಬಂದರೆ ಎದ್ದು ಪಾತ್ರೆ ತಿಕ್ಕುತ್ತಿದ್ದೆ, ತಿಕ್ಕಿದ್ದನ್ನೇ ಮತ್ತೆ ತಿಕ್ಕುತ್ತಿದ್ದೆ.

ಪಂಚಮಿಯ ಸಂಜೆ ಅದೇ ಬಸ್ಸು ಕುಷ್ಟಗಿಗೆ ಬಂದಾಗ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಕಂಡಕ್ಟರು ಸೀಟಿನ ಕೆಳಗಿನಿಂದ ಡಬ್ಬಿ ತೆಗೆದುಕೊಟ್ಟ. ಕೈಗೆ ಭಾರ ಹತ್ತಿತು. ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಗಂಟು ಬಿಚ್ಚಿದೆ. ಉಂಡಿ. ಶೇಂಗಾ ಉಂಡಿ, ಎಳ್ಳುಂಡಿ, ಒಣಕೊಬ್ಬರಿ ಹಾಕಿದ ರವೆ ಉಂಡಿ, ಮೇಲೊಂದು ಎಲೆ ಅಡಿಕೆ. ನಾನು ನಕ್ಕೆನೋ ಅತ್ತೆನೋ ನೆನಪಿಲ್ಲ. ಕಂಡಕ್ಟರು ಮೆಟ್ಟಿಲ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದ. ಏನೋ ಹೇಳಲು ಬಾಯಿ ತೆರೆದ, ಆಮೇಲೆ ಸೀಟಿ ಊದಿ ಬಸ್ಸು ಬಿಡಿಸಿದ.

ಮನೆಗೆ ಬಂದು ಒಂದು ಶೇಂಗಾ ಉಂಡಿ ತಿಂದೆ. ಶುಂಠಿಯ ಘಾಟು ಇತ್ತು. ಅವನ ತಾಯಿ ಚಹಾಕ್ಕೂ ಶುಂಠಿ ಹೆಚ್ಚೇ ಹಾಕುತ್ತಾರೆಂದು ನೆನಪಾಯಿತು. ಮತ್ತೇನು, ಅವರ ಕೈಯೇ. ಅವನು ಬಾಯಿ ಬಿಟ್ಟು ಹೇಳಲಾರ, ತಾಯಿಯ ಕೈಯಿಂದ ಹೇಳಿಸಿದ್ದಾನೆ ಎಂದುಕೊಂಡೆ. ಎಷ್ಟೋ ದಿನದ ಮೇಲೆ ಹಸಿವಾಯಿತು. ಅವನಿಗೆ ಬರೆದೆ: "ಉಂಡಿ ಮುಟ್ಟಿದುವು. ಅಮ್ಮಾರಿಗೆ ಹೇಳು." ನೀಲಿ ಗೆರೆ ಬಂತು. ಯಾವ ಉಂಡಿ ಎಂದು ಅವನು ಕೇಳಲಿಲ್ಲ. ಈಗ ಆ ಒಂದು ಮೌನ ನೆನಪಾದರೆ ಮೈಯೆಲ್ಲ ಉರಿಯುತ್ತದೆ. ಆಗ ಅದಕ್ಕೂ ಅರ್ಥ ಹಚ್ಚಿದ್ದೆ. ನಾಚಿಕೊಂಡಿದ್ದಾನಂತೆ.

ಏಳಕ್ಕೆ ಅವ್ವನ ಫೋನು ಬಂತು.

"ಏನ್ ಅಡಿಗಿ ಮಾಡಿದಿ?"

"ಇವತ್ತ ಏನೂ ಮಾಡಿಲ್ಲವಾ. ಅವರ ಮನಿಂದ ಉಂಡಿ ಬಂದಾವ."

ಅವ್ವ, "ಒಂದು ದೇವರ ಮುಂದ ಇಟ್ಟು ಆಮ್ಯಾಲ ತಿನ್ನು," ಎಂದಳು. ದನಿ ಬೇರೆಯೇ ಆಗಿತ್ತು. ಮರುದಿನದ ಹೊತ್ತಿಗೆ ದೊಡ್ಡಮ್ಮನಿಗೆ ಗೊತ್ತಾಗಿತ್ತು, ಸಣ್ಣ ಮಾವನಿಗೂ ಗೊತ್ತಾಗಿತ್ತು. ನಿಶ್ಚಯಕ್ಕೆ ಬೇಕೆಂದು ಅಪ್ಪ ಒಂದು ಅಕ್ಕಿಚೀಲ ಬೇರೆ ಮಾಡಿಟ್ಟಿದ್ದನಂತೆ.

ಮುಂದಿನ ಭಾನುವಾರ ಮತ್ತೆ ಡಬ್ಬಿ ತುಂಬಿದೆ. ಅವನಿಂದ ಇನ್ನೂ ಒಂದಕ್ಷರ ಬಂದಿರಲಿಲ್ಲ. ಉಂಡಿ ಬಂದಮೇಲೆ ಸುಮ್ಮನಿರುವುದು ಸರಿಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಈ ಸಲ ರೊಟ್ಟಿಯ ಜೊತೆ ಬೆಲ್ಲದ ಮಾದಲಿಯನ್ನೂ ಮಾಡಿದ್ದೆ. ಎಂಟರ ಬಸ್ಸಿಗೆ ಹೋಗಿ ಡಬ್ಬಿ ಚಾಚಿದರೆ ಕಂಡಕ್ಟರು ಕೈ ಮುಂದೆ ಮಾಡಲಿಲ್ಲ.

"ತಂಗೀ, ಒಂದ್ ಮಾತ್ ಹೇಳ್ತೀನಿ, ಸಿಟ್ಟಾಗಬ್ಯಾಡ," ಎಂದ. "ಅವತ್ತ ಡಬ್ಬಿ ಒಯ್ಯಾಕ ಯಾರೂ ಬರಲಿಲ್ಲ."

ನನಗೆ ತಕ್ಷಣಕ್ಕೆ ತಿಳಿಯಲಿಲ್ಲ. ಯಾವತ್ತು ಎಂದು ಕೇಳಿದೆ.

"ರೊಟ್ಟಿ ಹಬ್ಬದ ದಿನ. ಫೋನ್ ಹಚ್ಚಿದೆ, ಎರಡು ಸಲ ಕಟ್ ಮಾಡಿದ್ರು. ಮಧ್ಯಾಹ್ನದ ಟ್ರಿಪ್ಪಿಗೂ ನೋಡಿದೆ. ಹಬ್ಬದ ಬುತ್ತಿ, ತಿರುಗಿ ಹ್ಯಾಂಗ ತರಲಿ? ಅಲ್ಲಿ ಸ್ಟ್ಯಾಂಡಿನ್ಯಾಗ ಚಾದಂಗಡಿ ಅಮ್ಮ ಅದಾಳ, ಆಕಿಗೆ ಕೊಟ್ಟೆ. ಖಾಲಿ ಡಬ್ಬಿ ಹ್ಯಾಂಗ ಕಳಸೋದು ಅಂತ ಆಕಿ ಉಂಡಿ ತುಂಬಿದ್ಲು. ನೀ ಅವತ್ತ ಅಷ್ಟು ಖುಷಿಯಿಂದ ತಗೊಂಡಿ, ನನಗ ಹೇಳಾಕ ಬಾಯಿ ಬರಲಿಲ್ಲ."

ಮೊದಲು ನೆನಪಾದದ್ದು ಅವನಲ್ಲ, ಅಪ್ಪ ಬೇರೆ ಮಾಡಿಟ್ಟ ಅಕ್ಕಿಚೀಲ. ಬಸ್ಸು ಹೊರಡುವ ಹೊತ್ತಾಗಿತ್ತು. ಮನೆಗೆ ಹೋದರೆ ಆ ರೊಟ್ಟಿಯ ರಾಶಿಯ ಎದುರು ಕೂರಬೇಕು. ನಾನು ಡಬ್ಬಿ ಹಿಡಿದುಕೊಂಡೇ ಬಸ್ಸು ಹತ್ತಿದೆ. ಕಂಡಕ್ಟರು ಕಿಟಕಿ ಪಕ್ಕದ ಸೀಟು ಬಿಡಿಸಿಕೊಟ್ಟ.

ದಾರಿಯುದ್ದಕ್ಕೂ ಒಂದೇ ಯೋಚನೆ. ಇಳಿದ ಕೂಡಲೇ ಅವನು ಎದುರಾದರೆ? ಎದುರಾಗಲೆಂದೇ ಹೋಗುತ್ತಿದ್ದೇನಾ? ಅವನ ಮನೆ ಸ್ಟ್ಯಾಂಡಿನಿಂದ ಹತ್ತು ನಿಮಿಷದ ದಾರಿ. ಹತ್ತು ನಿಮಿಷ ನಡೆದು ಬಂದು ಒಂದು ಡಬ್ಬಿ ಒಯ್ಯಲು ಆಗದವನಿಗಾಗಿ ನಾನು ಹದಿನೈದು ದಿನ ಗೋಡೆ ಅದುರುವಂತೆ ರೊಟ್ಟಿ ಬಡಿದೆನಲ್ಲ ಎಂದು ಅನಿಸಿತು. ಹಾಗೆ ಅನಿಸಿದರೂ ಪ್ರತಿ ನಿಲ್ದಾಣದಲ್ಲಿ ಫೋನು ತೆಗೆದು ನೋಡುವುದು ಬಿಡಲಿಲ್ಲ.

ಯಲಬುರ್ಗಾ ಸ್ಟ್ಯಾಂಡಿನ ಆ ಚಹಾದಂಗಡಿ ಎಂದರೆ ನಾಲ್ಕು ತಗಡು, ಒಂದು ಒಲೆ, ಒಂದು ಬೆಂಚು. ಅಮ್ಮನಿಗೆ ಐವತ್ತೈದು ದಾಟಿರಬೇಕು. ಮಿರ್ಚಿ ಕರಿಯುತ್ತಿದ್ದಳು. ನಾನು ಡಬ್ಬಿ ಮುಂದಿಟ್ಟ ಕೂಡಲೇ ಮುಚ್ಚಳದ ಮೇಲಿನ ಹೆಸರು ನೋಡಿ ಗುರುತು ಹಿಡಿದಳು.

"ಈ ಹೆಸರು ನಿಂದೇನವಾ?"

"ನಮ್ಮವ್ವಂದು."

"ಅವತ್ತ ಯಾರಿಗೆ ಕಳಿಸಿದ್ದಿ?"

"ಒಬ್ಬರಿಗೆ. ಬರಲಿಲ್ಲ."

ಅವಳು ಜಾಲರಿ ಸೌಟಿನಿಂದ ಮಿರ್ಚಿ ತೆಗೆದು ಎಣ್ಣೆ ಬಸಿಯಲು ಬಿಟ್ಟಳು. "ಹಸಿವಿ ಇಲ್ಲದವಗ ಕಳಿಸಿದಿ, ಬಿಡು," ಎಂದಳು. ನಾನು ಇದು ನಿಮಗೇ ತಂದದ್ದು ಎಂದೆ. ಹೇಳುವವರೆಗೆ ನನಗೂ ಅದು ಗೊತ್ತಿರಲಿಲ್ಲ.

ಅವಳು ಒಂದು ರೊಟ್ಟಿ ಮುರಿದು, ಅಂಚನ್ನು ಬೆರಳಲ್ಲಿ ಒತ್ತಿ ನೋಡಿದಳು. "ಸಿಟ್ಟಾಗಬ್ಯಾಡವಾ. ಅವತ್ತೂ ನೋಡೀನಿ. ನಿನ್ನ ರೊಟ್ಟಿ ನಡಕ ಛಲೋ ಇರ್ತಾವ, ಅಂಚು ದಪ್ಪ. ಬೇಯಂಗಿಲ್ಲ, ಹಸಿ ಉಳಿತಾವ. ಯಾರೂ ಹೇಳಿಲ್ಲೇನು?"

ಯಾರೂ ಹೇಳಿರಲಿಲ್ಲ. ಆಗ ಕಣ್ಣೆದುರಿಗೆ ಬಂದದ್ದು ಅವನ ತಾಟು. ಇಷ್ಟು ತಿಂಗಳೂ ಅವನು ಉಂಡೆದ್ದ ಮೇಲೆ ತಾಟಿನಲ್ಲಿ ಉಳಿಯುತ್ತಿದ್ದ ರೊಟ್ಟಿಯ ಅಂಚುಗಳು. ಸುತ್ತಲೂ ಹರಿದು, ಚಟ್ನಿಯ ಪಕ್ಕಕ್ಕೆ ಅಚ್ಚುಕಟ್ಟಾಗಿ ಸರಿಸಿಟ್ಟಿರುತ್ತಿದ್ದ. ಹೊಟ್ಟೆ ತುಂಬಿದ್ದಕ್ಕೆ ಬಿಟ್ಟಿದ್ದಾನೆ ಎಂದುಕೊಂಡು ನಾನೇ ಎತ್ತಿ ಹಸುವಿಗೆ ಹಾಕುತ್ತಿದ್ದೆ. ಅಂಚು ಹಸಿ ಇದೆ ಎಂದು ಒಂದು ಸಲ ಹೇಳಿದ್ದರೆ ಮರುದಿನ ಸರಿ ಮಾಡುತ್ತಿದ್ದೆ. ಛಲೋ ಆಗ್ಯಾವ ಎಂದು ಎದ್ದು ಹೋಗುತ್ತಿದ್ದ. ನಾನು ಕೇಳಿದ ಪ್ರಶ್ನೆಗಳಿಗೆಲ್ಲ ಅವನ ಉತ್ತರ ಆ ತಾಟಿನಲ್ಲೇ ಇತ್ತು, ನಾನು ನೋಡಿರಲಿಲ್ಲ.

ಅಲ್ಲೇ ಬೆಂಚಿನ ಮೇಲೆ ಕೂತು ಅತ್ತೆ. ಬಸ್ಸಿಗೆ ಕಾದವರು ನೋಡುತ್ತಿದ್ದರು, ನೋಡಲಿ ಎಂದು ಬಿಟ್ಟೆ. ಅಮ್ಮ ಒಂದು ಕಪ್ ಚಹಾ ಕೊಟ್ಟಳು, ಶುಂಠಿಯ ಘಾಟು ಮೂಗಿಗೆ ಹೊಡೆಯಿತು. ಸ್ವಲ್ಪ ತಡೆದು ಕೇಳಿದಳು: "ನಿಮ್ಮ ಕಡಿ ಏನು ಉಣತೀರಿ?"

"ಅನ್ನ."

"ಮತ್ತ ಅದನ್ನ ಮಾಡ್ಕೊಂಡು ಉಣ್ಣು. ಸೊರಗಿ ಹೋಗೀದಿ."

ಹೊರಡುವಾಗ ರೊಟ್ಟಿ, ಮಾದಲಿ ತೆಗೆದಿಟ್ಟುಕೊಂಡು ಡಬ್ಬಿ ತೊಳೆದಳು. ಬ್ಯಾಡ್ರಿ ಎಂದರೂ ಕೇಳದೆ ಎರಡು ಹಿಡಿ ಸಕ್ಕರೆ ಹಾಕಿ ಮುಚ್ಚಿ ಕೊಟ್ಟಳು.

ಕುಷ್ಟಗಿಗೆ ಬಂದಾಗ ಸಂಜೆಯಾಗಿತ್ತು. ದಾರಿಯಲ್ಲೇ ಅಂಗಡಿಯಲ್ಲಿ ಅಕ್ಕಿ ಕೊಂಡೆ. ಎಷ್ಟೋ ತಿಂಗಳಿಂದ ಮೂಲೆಗೆ ಸೇರಿದ್ದ ಪಾತ್ರೆ ತೆಗೆದು ತೊಳೆದು, ನೀರು ಸ್ವಲ್ಪ ಹೆಚ್ಚೇ ಇಟ್ಟು, ಮೆತ್ತಗೆ ಅನ್ನ ಮಾಡಿದೆ. ಹುಣಸೆಹಣ್ಣಿನ ಸಾರು, ಎಣ್ಣೆಯಲ್ಲಿ ಹುರಿದ ಎರಡು ಒಣಮೆಣಸಿನಕಾಯಿ. ಚಿಕ್ಕವಳಿದ್ದಾಗ ಜ್ವರ ಬಿಟ್ಟ ದಿನ ಅವ್ವ ಕಲಸಿ ಕೊಡುತ್ತಿದ್ದ ಊಟ ಅದು. ಮೊದಲ ತುತ್ತು ಗಂಟಲಲ್ಲಿ ತಡೆಯದೆ ಇಳಿಯಿತು. ಎರಡನೆಯದೂ ಇಳಿಯಿತು. ಫೋನು ಒಳಗಿನ ಕೋಣೆಯಲ್ಲಿತ್ತು, ಎದ್ದು ನೋಡಬೇಕೆಂದು ಅನಿಸಲಿಲ್ಲ.

ಅದು ಹೊಡೆದುಕೊಂಡಾಗ ಏಳಾಗಿತ್ತು. ಅವ್ವನಿಗೆ ಏನೆಂದು ಹೇಳಲಿ? ದೊಡ್ಡಮ್ಮ, ಮಾವ, ಆ ಅಕ್ಕಿಚೀಲ. ಎಡಗೈಯಿಂದ ಫೋನು ಎತ್ತಿದೆ.

"ಏನ್ ಅಡಿಗಿ ಮಾಡಿದಿ?"

"ಅನ್ನ ಮಾಡೀನವಾ," ಎಂದೆ. "ಹುಣಸಿ ಸಾರು."

ಆ ಕಡೆ ಹಿತ್ತಲಲ್ಲಿ ಎಮ್ಮೆ ಕೂಗಿದ್ದು ಕೇಳಿಸಿತು, ಅಪ್ಪ ಕೆಮ್ಮಿದ್ದು ಕೇಳಿಸಿತು. ಉಂಡಿ ಯಾರು ಕಳಿಸಿದ್ದೆಂದು, ಏನಾಯಿತೆಂದು ಅವಳು ಕೇಳುತ್ತಾಳೆ, ಹೇಳಬೇಕು ಎಂದು ಗಟ್ಟಿಯಾಗಿ ಕೂತೆ. ಅವಳು ಅದ್ಯಾವುದನ್ನೂ ಕೇಳಲಿಲ್ಲ.

"ಅಕ್ಕಿ ಎಲ್ಲಿಂದು?" ಎಂದಳು.

"ಅಂಗಡಿದು."

"ಅಂಗಡಿ ಅಕ್ಕಿ ಉಣಬ್ಯಾಡ. ನಿಮ್ಮಪ್ಪ ಬ್ಯಾರೆ ತೆಗೆದಿಟ್ಟಾನಲ್ಲ, ಅದರಾಗಿಂದ ಕಳಸ್ತೀನಿ. ನಾಳೆ ಸಂಜಿ ಕನಕಗಿರಿ ಬಸ್ಸಿಗೆ. ಸ್ಟ್ಯಾಂಡಿಗೆ ಬಂದು ತಗೋತಿ?"

ತಗೋತೀನಿ ಎಂದೆ. ಮರುದಿನ ಆ ಬಸ್ಸು ಬರುವುದಕ್ಕೆ ಅರ್ಧ ತಾಸು ಮೊದಲೇ ನಾನು ಸ್ಟ್ಯಾಂಡಿನಲ್ಲಿ ನಿಂತಿದ್ದೆ.